ಅವ್ವ ಎತ್ತಿ ನೋಡಿದ ಡಬ್ಬಿ

ಮಾನ್ವಿಯಾಗ ಮುಚ್ಚಿದ ಇಂಟರ್ನೆಟ್ ಸೆಂಟರಿನಿಂದ
ಗ್ರಾಫಿಕ್ಸ್ ಕಾರ್ಡು ತಂದು ಹನ್ನೊಂದು ದಿನ.
ಅವ್ವನ ಹಳೇ ಕುಪ್ಪಸದಾಗ ಸುತ್ತಿ
ಜ್ವಾಳದ ಡಬ್ಬಿ ಮ್ಯಾಲೆ ಇಟ್ಟೀನಿ.
ಮದಿವಿ ಗೊತ್ತಾಗಿ ಮುಹೂರ್ತ ಸಿಗದ ವರನಂಗ
ಕುಂತದ ಅದು, ಉಣಲಾರ್ದ, ಉಡಲಾರ್ದ.

ಒಮ್ಮೆ ಹಾಕಿ ನೋಡಿದ್ದೆ.
ಹಳೇ ಸಪ್ಲೈಗೆ ಅದನ್ನ ಹೊರೋ ಕಸುವಿಲ್ಲ.
ಆಟ ಸುರು ಆಗಿ, ಶತ್ರು ಗೋಡಿ ಹತ್ತೋ ಹೊತ್ತಿಗೆ
ಟಪ್.
ಕಪ್ಪು ಪರದೆದಾಗ ನನ್ನ ಮುಖ ಅಷ್ಟೇ.

ಕ್ಯಾಲೆಂಡರಿನ ಹಿಂದ ಲೆಕ್ಕ ಬರದೆ:
ಕಾರ್ಡಿಗೆ ನೂರಾ ಇಪ್ಪತ್ತು ವ್ಯಾಟು,
ಪ್ರೊಸೆಸರಿಗೆ ಅರವತ್ತೈದು,
ಡಿಸ್ಕು, ಫ್ಯಾನು, ಉಳಿದ ಸಣ್ಣ ಬಾಯಿಗಳಿಗೆ ಐವತ್ತು.
ಕಿಸೇದಾಗ ಹದಿನೇಳು ನೂರಾ ನಲವತ್ತು ರೂಪಾಯಿ.
ಎರಡೂ ಲೆಕ್ಕ ಒಂದೇ ಹಾಳಿ ಮ್ಯಾಲೆ,
ಒಂದಕ್ಕೊಂದು ಮುಖ ಕೊಟ್ಟು ಮಾತಾಡವಲ್ವು.

ತೀನ್ ಕಂದೀಲಿನ ಹತ್ತಿರ ಝಹೂರ್ ಭಾಯಿ ಅಂಗಡಿ.
(ಕಂದೀಲಿಗೆ ಹೆಸರು ಸಾಕು, ಹಗಲೂ ಉರೀತದ.)
ಅವ್ವ ಗಂಜಿನಿಂದ ನೆಟ್ಟಗ ಬಂದ್ಲು,
ಕೂದಲದಾಗ ಅರಳಿ ಎಳಿ, ಸೆರಗಿನಾಗ ಹತ್ತಿಕಾಳಿನ ವಾಸನಿ.

ಭಾಯಿ ಎರಡು ತೆಗೆದಿಟ್ಟ.
ಒಂದು ಒಂಬೈನೂರಕ್ಕ: ಮೈತುಂಬ ಬೆಂಕಿ, ನಡುವ ಹುಲಿ ಬಾಯಿ,
ಆರುನೂರು ವ್ಯಾಟು ಅಂತ ಬಂಗಾರದ ಅಕ್ಷರ.
ಇನ್ನೊಂದು ಎರಡು ಸಾವಿರದಾ ಮುನ್ನೂರಕ್ಕ:
ಬರೇ ಕರೀ ಡಬ್ಬಿ, ನಾನೂರಾ ಐವತ್ತು,
ಮಗ್ಗಲಕ ಕಂಚಿನ ಗುರುತು, ಐದು ವರ್ಷದ ಮಾತು.

"ಕಡಿಮಿ ರೊಕ್ಕಕ್ಕ ಜಾಸ್ತಿ ಕೊಡ್ತದಲ್ಲೋ"
ಅಂದ ಸಂಗಡ ಬಂದ ಈರಪಣ್ಣ.
"ಚಲೋದು ಭಾರ ಇರ್ತದಂತ, ಹಿಡಿ."
ಹಿಡದೆ. ಭಾರೇ ಇತ್ತು, ಖರೇನ.

ಅವ್ವ ಕೈ ಚಾಚಿದ್ಲು.
ಇಪ್ಪತ್ತೆರಡು ವರ್ಷ ಅಂಡಿಗಿ ಉರುಳಿಸಿದ ಕೈ,
ತಕ್ಕಡಿಗಿಂತ ಮೊದಲ ತೂಕ ಹೇಳೋ ಕೈ.
ಹುಲಿಗೆಮ್ಮ ಹುಲಿ ಡಬ್ಬಿ ಎತ್ತಿ, ಹೊಳ್ಳಿಸಿ,
ಕಿವಿ ಹತ್ತಿರ ಹಿಡದು ಜಾಡಿಸಿದ್ಲು
ಕೂಸಿನ ಗಿಲಕಿಯಂಗ.

"ಭಾರ ಎಲ್ಲಾ ಒಂದೇ ಮೂಲ್ಯಾಗ ಅದ.
ನೀರು ಹೊಡದ ಅಂಡಿಗಿ ಹಿಂಗೇ ಇರ್ತದ.
ಹತ್ತಿ ಭಾರ ಬ್ಯಾರೆ, ಇದು ಬ್ಯಾರೆ."

ಭಾಯಿ ನಗಲಿಲ್ಲ. ಸ್ಕ್ರೂಡ್ರೈವರ್ ತಗೊಂಡ.
ನಾಕು ತಿರುಪು ಬಿಚ್ಚಿದ ಮ್ಯಾಲೆ
ಒಳಗ ಅಂಗೈ ಅಗಲದ ಬೋರ್ಡು,
ಅಂಗಿ ಗುಂಡಿ ಗಾತ್ರದ ಕಾಯಿಲು, ಮತ್ತ
ಮೂಲ್ಯಾಗ ಅಂಟು ಹಾಕಿ ಕೂಡಿಸಿದ ಸಿಮೆಂಟ್ ತುಂಡು.
ನಾಕೂ ಮಂದಿ ಅದನ್ನ
ಸತ್ತ ಇಲಿ ನೋಡಿದಂಗ ನೋಡಿದಿವಿ.

"ನನಗೂ ಹಿಂಗೇ ಕಟ್ಟಿ ಕೊಟ್ಟಾರಮ್ಮಾ, ಕಸಮ್."
"ನೀ ತಗೊಳ್ಳೋ ಮುಂದ ಜಾಡಿಸಬಾರದಾಗಿತ್ತೇನು?"

ಕರೀ ಡಬ್ಬಿಗೆ ಐನೂರಾ ಅರವತ್ತು ಕಡಿಮಿ.
ಅವ್ವನ ವಾರದ ಬಟವಾಡಿ ಆಗಿರಲಿಲ್ಲ,
ಆಗಿದ್ದರೂ ಕೊಡ್ತಿರಲಿಲ್ಲ.
ಏಳು ಬಣ್ಣ ಮಿಂಚೋ ನನ್ನ ಕೀಬೋರ್ಡು
ಅವತ್ತೇ ಸಂಜಿ ಈರಪಣ್ಣಗ ಕೊಟ್ಟೆ, ಆರುನೂರಕ್ಕ.
ಮಿಕ್ಕ ನಲವತ್ತಕ್ಕ ಮಿರ್ಚಿ. ಅವನೇ ಹೆಚ್ಚು ತಿಂದ.

ಈಗ ರಾತ್ರಿ ಹನ್ನೊಂದು.
ಅರ್ಧ ಅಕ್ಷರ ಅಳಿಸಿದ ಹಳೇ ಕೀಬೋರ್ಡು,
ಬೆರಳಿಗೆ ಎಲ್ಲಾ ಬಾಯಿಪಾಠ.
ಆಟದಾಗ ಹಿಮ ಬೀಳ್ತದ,
ರಾಯಚೂರಾಗ ಗ್ವಾಡಿ ಮುಟ್ಟಿದರ ಸುಡ್ತದ.
ಅವ್ವ ನಿದ್ದಿಗಣ್ಣಾಗ ಎದ್ದು ಬಂದು
ಹಿಂದ ಬಿಸಿ ಗಾಳಿ ಬರೋ ಜಾಗಕ್ಕ
ಮುಂಗೈ ಹಿಡದ್ಲು, ಸಣ್ಣಾಂವ ಇದ್ದಾಗ ನನಗ ಹಿಡೀತಿದ್ದಂಗ.
"ಜ್ವರ ಇಲ್ಲ" ಅಂದು ಹೊಳ್ಳಿ ಮಲಗಿದ್ಲು.

ಆಮ್ಯಾಲೆ ಓಣಿಗೋಣಿನೇ ಕರೆಂಟು ಹೋತು.
ಮಾಳಿಗಿ ಹತ್ತಿದರ, ಬಡಗಣ ದಿಕ್ಕಿಗೆ
ಶಕ್ತಿನಗರದ ಚಿಮಣಿ ನೆತ್ತಿಯ ಕೆಂಪು ದೀಪ
ಏನೂ ಆಗೇ ಇಲ್ಲ ಅನ್ನೋಹಂಗ ಕಣ್ಣು ಮಿಟುಕಿಸ್ತದ.
ಅಷ್ಟೊಂದು ವ್ಯಾಟು ಎಲ್ಲಿಗೆ ಹೋಗ್ತದೋ,
ಅದನ್ನ ಯಾರು ಎತ್ತಿ ನೋಡ್ಯಾರ?
ಕೆಳಗ ಕತ್ತಲದಾಗ ಕರೀ ಡಬ್ಬಿ
ಟಿಕ್, ಟಿಕ್ ಅಂತ
ತಣ್ಣಗಾಗ್ಲಿಕ್ಕತ್ತದ.